ಮೂತಿಗೆ ತೂಕ ಹಾಕಿದ್ರಾ?

ಸ್ಕೇಲ್ ಮಾಡೆಲ್ ಕಟ್ಟುವವರ ಪ್ರಶ್ನೋತ್ತರ

ಪ್ರಶ್ನೆ: ನನಗೆ 29 ವರ್ಷ, ಬ್ಯಾಂಕಿನಲ್ಲಿ ಕೆಲಸ. ನಾಲ್ಕು ವರ್ಷದಿಂದ 1/72 ಅಳತೆಯ, ಅಂದರೆ ನಿಜವಾದದ್ದರ 72ನೇ ಒಂದು ಪಾಲಿನ, ಪ್ಲಾಸ್ಟಿಕ್ ವಿಮಾನಗಳನ್ನು ಒಬ್ಬನೇ ಕೂತು ಕಟ್ಟುತ್ತಿದ್ದೇನೆ. ನಮ್ಮೂರಿನಲ್ಲಿ ಈ ಹುಚ್ಚಿನವರು ಇನ್ನೊಬ್ಬರು ಸಿಕ್ಕಿಲ್ಲ. ನೀವು ಬರೆದಿದ್ದ, ತಿಂಗಳ ಎರಡನೇ ಭಾನುವಾರ ಮಾಡೆಲ್ ಕಟ್ಟುವವರು ಸೇರುವ ಕೂಟಕ್ಕೆ ಬರಬೇಕು ಅಂತ ಆಸೆ. ಆದರೆ ಅಲ್ಲಿಗೆ ಬರುವವರೆಲ್ಲ ಪಳಗಿದ ಕೈಗಳು. ನನ್ನ ಮಿಗ್-21ರ ಮೈಮೇಲೆ ಜೋಡಿಸಿದ ಗೆರೆ ಕಾಣುತ್ತದೆ. ಜೊತೆಗೆ ಅದು ಬಾಲ ಊರಿಕೊಂಡು ಕೂರುತ್ತದೆ. ಇದನ್ನು ಹಿಡಿದುಕೊಂಡು ಬಂದು ಏನು ಮಾತಾಡಲಿ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಆ ಮಿಗ್ಗನ್ನೇ ತನ್ನಿ. ಬೇರೆ ಏನೂ ಬೇಡ.

ಬಾಲ ಊರುವ ವಿಮಾನ ನಮ್ಮ ಮೇಜಿಗೆ ಹೊಸದಲ್ಲ. ಮೂತಿಯ ಕೆಳಗೊಂದು, ರೆಕ್ಕೆಯ ಕೆಳಗೆರಡು ಗಾಲಿ ಇರುವ ವಿಮಾನವಾದರೆ ಮೈಯ ಎರಡು ಹೋಳುಗಳನ್ನು ಅಂಟಿಸುವ ಮುಂಚೆಯೇ ಮೂತಿಯೊಳಗೆ ತೂಕ ಹಾಕಬೇಕು. ನಿಜವಾದ ವಿಮಾನದ ಮುಂಭಾಗದಲ್ಲಿ ರೇಡಾರು, ಯಂತ್ರ, ತಂತಿ ಎಲ್ಲ ತುಂಬಿರುತ್ತದೆ. ನಮ್ಮದರಲ್ಲಿ ಬರೀ ಗಾಳಿ. ಎಷ್ಟು ಗ್ರಾಂ ಹಾಕಬೇಕು ಅಂತ ಸೂಚನೆಯ ಹಾಳೆಯ ಒಂದು ಮೂಲೆಯಲ್ಲಿ ಬರೆದಿರುತ್ತಾರೆ. ಡಬ್ಬಿ ಒಡೆದ ಸಂಭ್ರಮದಲ್ಲಿ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಹಾಗಾಗಿ ನಮ್ಮಲ್ಲಿ ಯಾರಾದರೂ ಹೊಸ ಕಿಟ್ ಬಿಚ್ಚಿದರೆ ಸಾಕು, ಮೂರು ಕಡೆಯಿಂದ ಒಂದೇ ಮಾತು: "ಮೂತಿಗೆ ತೂಕ ಹಾಕಿದ್ರಾ?" ಈಗ ಅದೇ ನಮ್ಮ ನಮಸ್ಕಾರ. ಆಪರೇಷನ್ ಮುಗಿಸಿ ಮನೆಗೆ ಬಂದವರಿಗೆ ಫೋನ್ ಮಾಡಿದರೂ ಮೊದಲು ಅದನ್ನೇ ಕೇಳುತ್ತೇವೆ.

ನಾವು ಸೇರುವುದು ಬಸವನಗುಡಿಯಲ್ಲಿ, ಸ್ನೇಹಿತರೊಬ್ಬರ ಮನೆಯ ಮಹಡಿ ಮೇಲೆ. ಎರಡು ಮೇಜು ಜೋಡಿಸಿ ಹಳೆ ಪೇಪರ್ ಹಾಸಿರುತ್ತೇವೆ. ಹಲ್ಲಿನ ಸೆಟ್ ಮಾಡುವ ಲ್ಯಾಬಿನಲ್ಲಿರುವ ಒಬ್ಬರು ಸವೆದ ಬರ್‌ಗಳನ್ನೂ (ಕೊರೆಯುವ ಪುಟ್ಟ ಮೊನೆಗಳು) ಕೊಕ್ಕೆಕಡ್ಡಿಗಳನ್ನೂ ಡಬ್ಬಿಯಲ್ಲಿ ತಂದು ಎಲ್ಲರಿಗೂ ಹಂಚುತ್ತಾರೆ. ಪ್ಲಾಸ್ಟಿಕ್ ಕೆರೆಯಲು ಅದಕ್ಕಿಂತ ಒಳ್ಳೆಯ ಸಾಮಾನು ನಾನು ಕಂಡಿಲ್ಲ. ರಾಜಾಜಿನಗರದ ಅಕ್ಕ ಒಬ್ಬರು ಮಗನನ್ನು ಬಿಡಲು ಬರುತ್ತಿದ್ದರು. ಮಗ ಕಾಲೇಜು ಸೇರಿ ಬರುವುದು ಬಿಟ್ಟ. ಅಕ್ಕ ಬಿಡಲಿಲ್ಲ. ಒಂದು ಇಂಚಿನ ಸಿಪಾಯಿಯ ಕಣ್ಣಿಗೆ ಅವರು ಬಣ್ಣ ಇಡುವಾಗ ನಾವೆಲ್ಲ ಮಾತು ನಿಲ್ಲಿಸುತ್ತೇವೆ.

ಏನು ಮಾತಾಡುತ್ತೀರಿ ಅಂತ ಕೇಳಿದ್ದೀರಿ. ಕಳೆದ ತಿಂಗಳದ್ದನ್ನೇ ಹೇಳುತ್ತೇನೆ. ನುಗ್ಗೆಕಾಯಿ ರೇಟು. ಒಬ್ಬರ ಮಗಳ ಸಿಇಟಿ ರ‍್ಯಾಂಕು. ಗಾಂಧಿಬಜಾರಿನಲ್ಲಿ ಗಾಡಿ ನಿಲ್ಲಿಸುವ ಕಷ್ಟ. ನಡುನಡುವೆ, ಮಿಗ್‌ನ ಕಾಕ್‌ಪಿಟ್ಟಿನ ಒಳಗಿನ ಆ ನೀಲಿ-ಹಸಿರು ಬಣ್ಣಕ್ಕೆ ಯಾವ ಎರಡು ಶೀಶೆ ಬೆರೆಸಬೇಕು ಅನ್ನುವುದು. ಕೈಯಲ್ಲಿ ಕೆಲಸ ಇದ್ದಾಗ ಮಾತಿಗೆ ಅವಸರ ಇರುವುದಿಲ್ಲ. ಎದುರಿನವರ ಮುಖ ನೋಡಲೇಬೇಕು ಅಂತಿಲ್ಲ. ಹತ್ತು ನಿಮಿಷ ಯಾರೂ ಏನೂ ಆಡದಿದ್ದರೂ ಮುಜುಗರ ಆಗುವುದಿಲ್ಲ. ಮನೆಯಲ್ಲೂ ಆಫೀಸಿನಲ್ಲೂ ಬಾಯಿಗೆ ಬರದ ವಿಷಯಗಳು ಅಲ್ಲಿ, ರೆಕ್ಕೆಯ ಅಂಚು ಉಜ್ಜುತ್ತಾ ಉಜ್ಜುತ್ತಾ ಹೊರಗೆ ಬಂದಿವೆ.

ಒಂದೇ ಒಂದು ನಿಯಮವಿದೆ. "ನೋಡಿ ಹೇಳಿ" ಅಂತ ನೀವಾಗಿ ಕೇಳುವ ತನಕ ಯಾರೂ ನಿಮ್ಮ ಕೆಲಸದ ತಪ್ಪು ಎತ್ತುವುದಿಲ್ಲ. ಇದನ್ನು ತಂದವರು ನಮ್ಮ ರೈಲ್ವೆ ಯಜಮಾನರು. ನಾನು ಮೊದಲ ಸಲ ಹೋದಾಗ ಒಂದು ಸ್ಪಿಟ್‌ಫೈರ್ ವಿಮಾನವನ್ನು ಪೇಪರಿನಲ್ಲಿ ಸುತ್ತಿ ಒಯ್ದಿದ್ದೆ. ನಮ್ಮ ತೆಳು ಅಂಟು ನಿಜವಾಗಿ ಅಂಟಲ್ಲ. ಅದು ಪ್ಲಾಸ್ಟಿಕ್ಕನ್ನೇ ಕರಗಿಸಿ ಎರಡು ತುಂಡನ್ನು ಬೆಸೆಯುತ್ತದೆ. ಅದು ಬೆರಳ ಸಂದಿಗೆ ಹರಿದು, ಎಡ ರೆಕ್ಕೆಯ ಮೇಲೆ ನನ್ನ ಹೆಬ್ಬೆರಳಿನ ಗುರುತು ಅಚ್ಚೊತ್ತಿತ್ತು. ಯಜಮಾನರು ನೋಡಿದರು. ಏನೂ ಅನ್ನಲಿಲ್ಲ. ತಮ್ಮ ಬಟ್ಟೆಚೀಲದಿಂದ ಒಂದು ಹಂಟರ್ ವಿಮಾನ ತೆಗೆದು ನನ್ನದರ ಪಕ್ಕ ಇಟ್ಟರು. ಅದರ ರೆಕ್ಕೆಯ ಮೇಲೂ ಹೆಬ್ಬೆರಳು. "1979" ಅಂದರು, ಅಷ್ಟೇ. ಅವತ್ತು ಮಧ್ಯಾಹ್ನ ಎರಡು ಗಂಟೆಯ ತನಕ ನಾನು ಏಳಲಿಲ್ಲ.

ನಿಮ್ಮ ಮಿಗ್‌ನ ಚಿಂತೆ ಬಿಡಿ. ಅದರ ಮೂತಿ ತೆರೆದಿರುತ್ತದಲ್ವಾ, ನಡುವಿನ ಶಂಕು ಬಿಡಿಸಿದರೆ ಹಿಂದೆ ಜಾಗ ಸಿಗುತ್ತದೆ. ಸೈಕಲ್ ಅಂಗಡಿಯಲ್ಲಿ ಬೇರಿಂಗಿನ ಸಣ್ಣ ಗುಂಡು ಕೇಳಿ ತನ್ನಿ. ಮಿಕ್ಕಿದ್ದನ್ನು ಸೇರಿ ಮಾಡೋಣ.

ಪ್ರಶ್ನೆ: ಮಳೆಗಾಲದಲ್ಲಿ ಮ್ಯಾಟ್ (ಹೊಳಪಿಲ್ಲದ) ವಾರ್ನಿಷ್ ಹೊಡೆದರೆ ಮಾಡೆಲ್ ಮೇಲೆ ಬೂದಿ ಚೆಲ್ಲಿದ ಹಾಗೆ ಬೆಳ್ಳಗಾಗುತ್ತದೆ. ಎರಡು ಯುದ್ಧಟ್ಯಾಂಕು ಹಾಳಾದವು.
– ಔಷಧಿ ಅಂಗಡಿಯವರು, ಉಡುಪಿ

ಉತ್ತರ: ಹಾಳಾಗಿಲ್ಲ, ಎಸೆಯಬೇಡಿ. ಗಾಳಿಯಲ್ಲಿನ ತೇವ ಬಣ್ಣದೊಳಗೆ ಸಿಕ್ಕಿಕೊಂಡು ಹಾಗಾಗುತ್ತದೆ. ಚೆನ್ನಾಗಿ ಒಣಗಿದ ಮೇಲೆ ಹೊಳಪಿನ ವಾರ್ನಿಷ್ ತೆಳ್ಳಗೆ ಒಂದು ಸಲ ಹೊಡೆಯಿರಿ. ಎಷ್ಟೋ ಸಲ ಬಿಳುಪು ಮಾಯವಾಗುತ್ತದೆ. ಬಿಸಿಲು ಬಿದ್ದ ದಿನ ಮತ್ತೆ ಮ್ಯಾಟ್ ಹಾಕಿ. ಕರಾವಳಿಯ ನಮ್ಮ ಗೆಳೆಯರು ಮಳೆಗಾಲದಲ್ಲಿ ಬರೀ ಕಟ್ಟುತ್ತಾರೆ, ಉಜ್ಜುತ್ತಾರೆ. ವಾರ್ನಿಷ್ ಕೆಲಸವನ್ನೆಲ್ಲ ದೀಪಾವಳಿ ಆದ ಮೇಲೆ ಇಟ್ಟುಕೊಳ್ಳುತ್ತಾರೆ.

ಪ್ರಶ್ನೆ: ತಾತ, ನಾನು ಏಳನೇ ಕ್ಲಾಸ್. ಕಿಟ್ ಡಬ್ಬಿ ಮೇಲೆ 1/72, 1/48, 1/35 ಅಂತ ಇರುತ್ತದೆ. 1/50, 1/100 ಅಂತ ಇಟ್ಟಿದ್ದರೆ ಲೆಕ್ಕ ಸುಲಭ ಆಗುತ್ತಿತ್ತು. ಯಾಕೆ ಹೀಗೆ?
– ವಿದ್ಯಾರ್ಥಿ, ಮೈಸೂರು

ಉತ್ತರ: ಮರಿ, ಸ್ಕೇಲ್ ತಗೊಂಡು ಇಂಚಿನ ಕಡೆ ನೋಡು. ಆರು ಅಡಿ ಎಂದರೆ 72 ಇಂಚು. ಆರಡಿ ಮನುಷ್ಯ ಒಂದೇ ಒಂದು ಇಂಚು ಆದರೆ ಅದು 1/72. ಅಡಿ-ಇಂಚಿನಲ್ಲಿ ಯೋಚಿಸುವ ಇಂಗ್ಲಿಷರಿಗೆ ಇದು ಬಲು ಸುಲಭದ ಲೆಕ್ಕ. 1/48ರಲ್ಲಿ ಒಂದು ಅಡಿಗೆ ಕಾಲು ಇಂಚು. ನೀನು ನಾಲ್ಕು ಅಡಿ ಆರು ಇಂಚು ಇದ್ದೀಯ ಅಂತ ಇಟ್ಟುಕೋ. 54 ಇಂಚು. 72ರಿಂದ ಭಾಗಿಸಿದರೆ ಮುಕ್ಕಾಲು ಇಂಚು. ನ್ಯಾಟ್ ವಿಮಾನದ ಪಕ್ಕ ನಿನ್ನನ್ನು ನಿಲ್ಲಿಸಬೇಕಾದರೆ ಅಷ್ಟೇ ಎತ್ತರದ ಗೊಂಬೆ ಸಾಕು.

1/35ರ ಕಥೆಯೇ ಬೇರೆ. ಅದು ಅಡಿಯ ಲೆಕ್ಕವೂ ಅಲ್ಲ, ಮೀಟರಿನ ಲೆಕ್ಕವೂ ಅಲ್ಲ. ಜಪಾನಿನ ಶಿಜುವೋಕದ ತಮಿಯಾ ಕಂಪನಿ 1960ರ ದಶಕದ ಆರಂಭದಲ್ಲಿ ಪ್ಯಾಂಥರ್ ಟ್ಯಾಂಕಿನ ಕಿಟ್ ಮಾಡಿತು. ಅದು ಮೋಟಾರಿನಿಂದ ಓಡಬೇಕಿತ್ತು. ಬ್ಯಾಟರಿ ಹಿಡಿಸುವಷ್ಟು ಅಗಲ ಇಟ್ಟು ಟ್ಯಾಂಕ್ ಮಾಡಿದರು. ಆಮೇಲೆ ಅಳೆದು ನೋಡಿದರೆ ಸುಮಾರು 1/35! ಅದು ಚೆನ್ನಾಗಿ ಮಾರಾಟವಾಯಿತು, ಮುಂದಿನ ಟ್ಯಾಂಕುಗಳನ್ನೂ ಅದೇ ಅಳತೆಯಲ್ಲಿ ಮಾಡಿದರು, ಬೇರೆ ಕಂಪನಿಗಳೂ ಹಿಂಬಾಲಿಸಿದವು. ಇವತ್ತು ನಿನ್ನ ಡಬ್ಬಿಯ ಮೇಲಿರುವ 35ರ ಹಿಂದೆ ಆ ಬ್ಯಾಟರಿಗಳಿವೆ.

ಬ್ಲೇಡು ಹಿಡಿಯುವಾಗ ದೊಡ್ಡವರು ಪಕ್ಕದಲ್ಲಿರಲಿ. ಅಂಟು ಹಚ್ಚುವಾಗ ಕಿಟಕಿ ತೆಗೆದಿಡು.

ಪ್ರಶ್ನೆ: ನಾನು, ನನ್ನ ಗೆಳೆಯ ಇಬ್ಬರೂ ವಾಯುಪಡೆಯ ನ್ಯಾಟ್ ಕಟ್ಟಬೇಕೆಂದಿದ್ದೇವೆ. ಅದು ಬೆಳ್ಳಿ ಬಣ್ಣ ಅಂತ ನಾನು, ಹಸಿರು ಬಣ್ಣ ಅಂತ ಅವನು. ಎರಡು ವಾರದಿಂದ ಸರಿಯಾಗಿ ಮಾತಿಲ್ಲ. ತೀರ್ಪು ಕೊಡಿ.
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಇಬ್ಬರೂ ಸರಿ. ನ್ಯಾಟ್ ಬಣ್ಣ ಹೇಳುವ ಮುಂಚೆ ಇಸವಿ ಹೇಳಬೇಕು. 1965ರ ಯುದ್ಧ ಶುರುವಾದಾಗ ಅವು ಬೆಳ್ಳಿಯ ಹಾಗೆ ಹೊಳೆಯುತ್ತಿದ್ದವು. 1971ರ ಹೊತ್ತಿಗೆ ಮರೆಮಾಚುವ ಬಣ್ಣ ಬಳಿದವು ಬಂದಿದ್ದವು. ನೀವು 65ರದ್ದು ಕಟ್ಟಿ, ಅವರು 71ರದ್ದು ಕಟ್ಟಲಿ. ಪಕ್ಕಪಕ್ಕ ಇಡಿ. ಎಷ್ಟು ಚೆನ್ನಾಗಿರುತ್ತದೆ ನೋಡಿ.

ಅದಕ್ಕಿಂತ ಮುಖ್ಯವಾದದ್ದು ಒಂದಿದೆ. ಅಂಗಡಿಯಲ್ಲಿ ಕೆಂಪು ಬಣ್ಣದ ಚಿತ್ರವಿರುವ ನ್ಯಾಟ್ ಡಬ್ಬಿ ಕಂಡರೆ ತಡೆಯಿರಿ. ಅದು ಬ್ರಿಟಿಷರ ಇಬ್ಬರು ಕೂರುವ ತರಬೇತಿ ವಿಮಾನ. ಅದರ ಮೈ ಉದ್ದ, ರೆಕ್ಕೆ ದೊಡ್ಡದು. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಕಟ್ಟಿದ್ದು, 1971ರ ಡಿಸೆಂಬರ್ 14ರಂದು ಶ್ರೀನಗರದ ಮೇಲೆ ವಾಯುಪಡೆಯ ಪೈಲಟ್ ನಿರ್ಮಲ್‌ಜಿತ್ ಸಿಂಗ್ ಸೆಖೋನ್ ಹಾರಿಸಿದ್ದು ಒಬ್ಬರೇ ಕೂರುವ ಯುದ್ಧವಿಮಾನ. ಅದರ ರೆಕ್ಕೆ ತುದಿಯಿಂದ ತುದಿಗೆ ಏಳು ಮೀಟರೂ ಇಲ್ಲ. 1/72ರಲ್ಲಿ ಒಂಬತ್ತು ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ, ಅಂಗೈ ಮೇಲೆ ಕೂರುತ್ತದೆ. ಡಬ್ಬಿ ತರಲು ಇಬ್ಬರೂ ಒಟ್ಟಿಗೇ ಹೋಗಿ.

ಪ್ರಶ್ನೆ: ಅಪ್ಪ ತೀರಿಕೊಂಡು ಏಳು ತಿಂಗಳಾಯಿತು. ಅವರ ಮಂಚದ ಕೆಳಗೆ 46 ಕಿಟ್ ಡಬ್ಬಿಗಳಿವೆ. ಹೆಚ್ಚಿನವನ್ನು ಕಟ್ಟೇ ಇಲ್ಲ. ಗುಜರಿಗೆ ಹಾಕೋಣ ಅಂತ ತಮ್ಮ ಹೇಳುತ್ತಾನೆ. ಅಪ್ಪನ ಇಬ್ಬರು ಗೆಳೆಯರು ಫೋನ್ ಮಾಡಿ, "ಏನೂ ಮಾಡಬೇಡಮ್ಮ, ನಾವು ಬರ್ತೀವಿ" ಅಂದಿದ್ದಾರೆ. ನಾವು ಅವರನ್ನು ನೋಡಿಯೇ ಇಲ್ಲ. ಕರೆಯಬಹುದಾ?
– ಹೆಸರು ಬೇಡ ಎಂದವರು, ಹಾಸನ

ಉತ್ತರ: ಕರೆಯಿರಿ, ತಾಯಿ. ಅವರು ಬರುವ ಮುಂಚೆ ನೀವೂ ನಿಮ್ಮ ತಮ್ಮನೂ ಕೂತು 46 ಡಬ್ಬಿಯ ಹೆಸರನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಅನುಮಾನಕ್ಕಲ್ಲ, ಲೆಕ್ಕ ಇದ್ದರೆ ಎಲ್ಲರಿಗೂ ನೆಮ್ಮದಿ. ಗುಜರಿಗೆ ಖಂಡಿತ ಬೇಡ. ಕಂಪನಿಯವರು ಮಾಡುವುದನ್ನೇ ನಿಲ್ಲಿಸಿರುವ ಕಿಟ್‌ಗಳು ಅದರಲ್ಲಿ ಇರಬಹುದು. ಅವುಗಳಿಗೆ ಹುಡುಕಿಕೊಂಡು ಬಂದು ಒಳ್ಳೆಯ ಬೆಲೆ ಕೊಡುವವರಿದ್ದಾರೆ. ಡಬ್ಬಿಗಳನ್ನು ಬಿಸಿ ಏರುವ ಅಟ್ಟಕ್ಕೆ ಹಾಕಬೇಡಿ, ಒಳಗಿನ ಡೆಕಾಲ್ ಹಾಳೆ (ಗುರುತು, ಅಂಕಿಗಳ ಅಂಟುಚಿತ್ರ) ಸೀಳುತ್ತದೆ. ಹಳೆ ಅಂಟಿನ ಬಾಟಲಿ, ಥಿನ್ನರ್ ಇದ್ದರೆ ಮುಚ್ಚಳ ಬಿಗಿಮಾಡಿ ಒಲೆಯಿಂದ ದೂರ ಇಡಿ, ಬೇಗ ಬೆಂಕಿ ಹಿಡಿಯುತ್ತವೆ. ಡೆಕಾಲ್ ಹಾಳೆ ಹಳದಿಯಾಗಿದೆ ಅಂತ ಎಸೆಯಬೇಡಿ. ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಬಿಸಿಲು ಬೀಳುವ ಕಿಟಕಿ ಗಾಜಿಗೆ ಕೆಲವು ವಾರ ಅಂಟಿಸಿದರೆ ಹಳದಿ ಎಷ್ಟೋ ಇಳಿಯುತ್ತದೆ.

ಕಟ್ಟದೆ ಇಷ್ಟೊಂದು ಯಾಕೆ ತಂದರು ಅಂತ ನಿಮಗೆ ಅನ್ನಿಸಿರಬಹುದು. ನಮ್ಮೆಲ್ಲರ ಮಂಚದ ಕೆಳಗೂ ಅಷ್ಟೇ ಇವೆ. ಒಂದನ್ನು ಗೆಳೆಯನ ಜೊತೆ ಹೋಗಿ ತಂದಿದ್ದು, ಒಂದು ಯಾರೋ ಊರು ಬಿಡುವಾಗ ಕೊಟ್ಟಿದ್ದು. ನಿಮ್ಮ ಅಪ್ಪನ ಗೆಳೆಯರು ಬಂದಾಗ ಅವಸರ ಮಾಡಬೇಡಿ. ಕಾಫಿ ಕೊಟ್ಟು, ಒಂದೊಂದೇ ಡಬ್ಬಿ ಅವರ ಮುಂದಿಡಿ. ನೀವು ಕೇಳಿರದ ಅಪ್ಪನ ಮಾತುಗಳು ಅವರ ಹತ್ತಿರ ಇರುತ್ತವೆ. ಅರ್ಧ ಕಟ್ಟಿದ್ದು ಸಿಕ್ಕರೆ ಅದನ್ನು ಮಾತ್ರ ಯಾರಿಗೂ ಮಾರಬೇಡಿ. ಮೊದಲು ಅವರಿಗೆ ತೋರಿಸಿ.

ಯಾಕೆ ಹೇಳುತ್ತೇನೆ ಅಂದರೆ, ಮೇಲೆ ಬರೆದೆನಲ್ಲ, ನಮ್ಮ ರೈಲ್ವೆ ಯಜಮಾನರು, ಅವರು ಹೋಗಿ ನಾಲ್ಕು ವರ್ಷವಾಯಿತು. ಅವರು ಒಂದು ಮಾರುತ್ ಕಟ್ಟುತ್ತಿದ್ದರು. ಜರ್ಮನಿಯ ವಿಮಾನ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದು ರೂಪಿಸಿದ ವಿಮಾನ ಅದು. 1961ರ ಜೂನ್ 17ರಂದು ಮೊದಲ ಸಲ ಹಾರಿತು. ಆಗ ಯಜಮಾನರು ಶಾಲೆಯ ಹುಡುಗ. ಆಮೇಲೆ ಎಷ್ಟೋ ಸಲ ತಲೆಯ ಮೇಲೆ ಅದು ಹೋಗುವುದನ್ನು ನೋಡಿದ್ದರಂತೆ. ಅವರು ಕಿಟ್ ತರಲಿಲ್ಲ. ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ನಿಂತಿರುವ ಮಾರುತ್ ಸುತ್ತ ಭಾನುವಾರಗಟ್ಟಲೆ ಓಡಾಡಿ, ನಕ್ಷೆ ಬರೆದು, ಪ್ಲಾಸ್ಟಿಕ್ ಹಾಳೆ ಕತ್ತರಿಸಿ ತಾವೇ ಮಾಡುತ್ತಿದ್ದರು. 1/72ರಲ್ಲಿ 22 ಸೆಂಟಿಮೀಟರ್ ಉದ್ದ.

ಅವರ ಮಗಳು ಅದನ್ನು ಚಪ್ಪಲಿ ಡಬ್ಬಿಯಲ್ಲಿಟ್ಟು ನಮ್ಮ ಮಹಡಿಗೆ ತಂದರು. ಮುಗಿಸಿಕೊಡಿ ಅಂದರು. ಎಂಟು ತಿಂಗಳು ಹಿಡಿಯಿತು. ಗಾಲಿಯ ಕಂಬಗಳನ್ನು ಲ್ಯಾಬಿನವರು ಮಾಡಿದರು. ಪೈಲಟ್‌ನ ಮುಖಕ್ಕೆ ಬಣ್ಣ ಇಟ್ಟವರು ಅಕ್ಕ. ನಾನು ಟೂಲ್ ರೂಮಿನಲ್ಲಿ 31 ವರ್ಷ ಇದ್ದವನು, ರೆಕ್ಕೆಯ ಅಂಚು ನನಗೆ ಬಂತು. ಆಂಟೆನಾ ತಂತಿಯನ್ನು ಯಜಮಾನರು ಕಲಿಸಿದ ಹಾಗೇ ಎಳೆದೆವು. ಯಾವುದಾದರೂ ಕಿಟ್ಟಿನ ಉಳಿದ ಪ್ಲಾಸ್ಟಿಕ್ ಕಡ್ಡಿಯನ್ನು ಮೇಣದ ಬತ್ತಿಯ ಮೇಲೆ ತಿರುಗಿಸುತ್ತಾ ಹಿಡಿದು, ಹೊಳಪು ಬಂದು ಬಾಗತೊಡಗಿದ ಕೂಡಲೇ ಪಕ್ಕಕ್ಕೆ ತಂದು ಎಳೆಯಬೇಕು. ನಿಧಾನ ಎಳೆದರೆ ದಪ್ಪ, ಬೇಗ ಎಳೆದರೆ ಕೂದಲು. ಅವರು ಮಾಡಿಟ್ಟ ಯಾವುದನ್ನೂ ನಾವು ತಿದ್ದಲಿಲ್ಲ. ಬಲಗಡೆ ಗಾಲಿಯ ಬಾಗಿಲು ಕೂದಲೆಳೆಯಷ್ಟು ವಾರೆಯಿದೆ, ಹಾಗೇ ಇದೆ.

ಮೈಯ ಎರಡು ಹೋಳುಗಳನ್ನು ಅವರು ಟೇಪು ಸುತ್ತಿ ಇಟ್ಟಿದ್ದರು, ಅಂಟಿಸಿರಲಿಲ್ಲ. ನಾವು ಟೇಪು ಬಿಚ್ಚಿದ ದಿನ ಯಾರೋ ರೂಢಿಯ ಮಾತು ಕೇಳಿಯೇಬಿಟ್ಟರು, ಮೂತಿಗೆ ತೂಕ ಹಾಕಿದ್ದಾರಾ ಅಂತ. ತೆರೆದು ನೋಡಿದೆವು. ಒಳಗೆ ಬೇರಿಂಗ್ ಗುಂಡುಗಳು ಸಾಲಾಗಿ ಅಂಟಿಕೊಂಡಿದ್ದವು. ಪಕ್ಕದಲ್ಲಿ ಪೆನ್ಸಿಲಿನಲ್ಲಿ ಅವರದೇ ಅಕ್ಷರ: "12 ಗುಂಡು. ಸಾಕು."