ಹೋಲಿಕೆ ಬೆರೆತ ಸ್ತೋತ್ರ: ಒಂದು ಆಪ್ತಸಲಹೆ ಪ್ರಕರಣ

ಕರಾವಳಿಯ ಪಟ್ಟಣವೊಂದರಲ್ಲಿ ಶಿಕ್ಷಕಿಯಾಗಿರುವ, ನಲವತ್ತು ದಾಟಿದ ಈ ಸಹೋದರಿಯನ್ನು ನನ್ನ ಬಳಿಗೆ ಕಳುಹಿಸಿದವರು ಅವರ ಚರ್ಚಿನ ಗುರುಗಳಾದ ಸಭಾಪಾಲಕರು. ಗುರುತು ಸಿಗದಂತೆ ವಿವರಗಳನ್ನು ಬದಲಿಸಿ, ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹಲವು ತಿಂಗಳಿಂದ ಅವರು ಆರಾಧನೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಸ್ವೀಕರಿಸುವ ಪ್ರಭುಭೋಜನಕ್ಕೆ ಮುಂದೆ ಹೋಗುತ್ತಿರಲಿಲ್ಲ. ಮೈದುನ ಕುವೈತಿನಲ್ಲಿ ದುಡಿದು ಊರಲ್ಲಿ ದೊಡ್ಡ ಮನೆ ಕಟ್ಟಿಸಿದ್ದರು. ಓರಗಿತ್ತಿಯ ಮಗಳು ನರ್ಸಿಂಗ್ ಮುಗಿಸಿ ವಿದೇಶಕ್ಕೆ ಹೊರಟಿದ್ದಳು. ಇವರ ಮಗ ಪಿಯುಸಿಯಲ್ಲಿ ಫೇಲಾಗಿ ಮನೆಯಲ್ಲಿದ್ದ. ಸುಗ್ಗಿ ಹಬ್ಬದ ಆರಾಧನೆಯ ನಂತರ ನಡೆದ ಏಲಂನಲ್ಲಿ, ಇವರು ಹಿತ್ತಲಿನಿಂದ ತಂದು ಅರ್ಪಿಸಿದ್ದ ಬಾಳೆಗೊನೆಯನ್ನು ಓರಗಿತ್ತಿಯೇ ಎಲ್ಲರಿಗಿಂತ ಹೆಚ್ಚಿಗೆ ಕೂಗಿ ಪಡೆದಾಗ ಜನ ಚಪ್ಪಾಳೆ ತಟ್ಟಿದರಂತೆ. "ನಾನು ಕೊಟ್ಟದ್ದು ಯಾರಿಗೂ ಕಾಣಲಿಲ್ಲ, ಅವಳು ಕೊಂಡದ್ದು ಎಲ್ಲರಿಗೂ ಕಂಡಿತು" ಎನ್ನುವಾಗ ಅವರ ದನಿ ನಡುಗುತ್ತಿತ್ತು.

ನಿದ್ರೆ, ಹಸಿವು, ಬದುಕು ಬೇಡವೆನಿಸುವ ಯೋಚನೆ, ಇವುಗಳ ಬಗ್ಗೆ ಮೊದಲೇ ವಿಚಾರಿಸಿದೆ. ಖಿನ್ನತೆಯ ಲಕ್ಷಣಗಳಿದ್ದರೆ ಪ್ರಾರ್ಥನೆಯ ಜೊತೆಗೆ ಮನೋವೈದ್ಯರ ನೆರವೂ ಬೇಕು; ಅದನ್ನು ವಿಶ್ವಾಸದ ಕೊರತೆಯೆಂದು ಯಾರೂ ಎಣಿಸಬಾರದು. ಇವರಲ್ಲಿ ಅಂಥದ್ದು ಕಾಣಲಿಲ್ಲ.

ಅವರು ಪ್ರಯತ್ನಿಸದೆ ಕುಳಿತವರೂ ಅಲ್ಲ. "ನಮಗಿಂತ ಕಷ್ಟದಲ್ಲಿರುವವರನ್ನು ನೋಡು" ಎಂಬ ಹಿತೈಷಿಗಳ ಮಾತಿನಂತೆ, ಗಂಡನನ್ನು ಕಳೆದುಕೊಂಡ ನೆರೆಮನೆಯಾಕೆಯನ್ನೂ ಬಾಡಿಗೆ ಕಟ್ಟಲು ಒದ್ದಾಡುವ ಸಹೋದ್ಯೋಗಿಯನ್ನೂ ನೆನೆದು ದಿನವೂ ದೇವರಿಗೆ ಸ್ತೋತ್ರ, ಅಂದರೆ ಕೃತಜ್ಞತೆ, ಸಲ್ಲಿಸುತ್ತಿದ್ದರು. ಓರಗಿತ್ತಿಯ ವಾಟ್ಸಾಪ್ ಸ್ಟೇಟಸ್ ಕಣ್ಣಿಗೆ ಬಿದ್ದ ಕೂಡಲೇ ಆ ಸಮಾಧಾನ ಹೋಗಿಬಿಡುತ್ತಿತ್ತು. ಪ್ರಕರಣದ ಗಂಟು ಇರುವುದು ಇಲ್ಲಿಯೇ ಎಂದು ನನ್ನ ಅಭಿಪ್ರಾಯ. ಬೈಬಲಿನ ಲೂಕನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ ಯೇಸು ಹೇಳಿದ ಸಾಮ್ಯವೊಂದಿದೆ; ಅದರಲ್ಲಿ ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಪಂಥದವನಾದ ಫರಿಸಾಯನು ಸಲ್ಲಿಸಿದ್ದೂ ಸ್ತೋತ್ರವೇ, ಆದರೆ ದೂರದಲ್ಲಿ ನಿಂತ, ಜನ ಪಾಪಿಯೆಂದು ಎಣಿಸುತ್ತಿದ್ದ ಸುಂಕದವನಂತೆ ತಾನಿಲ್ಲ ಎಂಬುದೇ ಅದರ ತಿರುಳಾಗಿತ್ತು. ಕೆಳಗಿನವರನ್ನು ನೋಡಿ ಸಮಾಧಾನಪಡುವ ರೂಢಿ ಇರುವವರೆಗೆ ಮೇಲಿನವರನ್ನು ನೋಡಿ ಕುದಿಯುವುದೂ ತಪ್ಪುವುದಿಲ್ಲ.

ಆದ್ದರಿಂದ ಸ್ತೋತ್ರಕ್ಕಿಂತ ಮೊದಲು ದೂರನ್ನೇ ದೇವರ ಮುಂದಿಡಲು ಹೇಳಿದೆ. 73ನೆಯ ಕೀರ್ತನೆಯನ್ನು ಒಟ್ಟಿಗೆ ಓದಿದೆವು. ಅಲ್ಲಿ ಕೀರ್ತನೆಗಾರನಾದ ಆಸಾಫನು ತಾನು ಹೊಟ್ಟೆಕಿಚ್ಚುಪಟ್ಟದ್ದನ್ನೂ ತನ್ನ ಕಾಲು ಜಾರುವುದರಲ್ಲಿದ್ದುದನ್ನೂ ಮುಚ್ಚಿಡುವುದಿಲ್ಲ. ಅವನು ಹೊಟ್ಟೆಕಿಚ್ಚುಪಟ್ಟದ್ದು ದುಷ್ಟರ ಸುಖಕ್ಕೆ, ಇವರ ಓರಗಿತ್ತಿ ದುಷ್ಟರೇನೂ ಅಲ್ಲ ಎಂಬುದನ್ನೂ ಸ್ಪಷ್ಟಪಡಿಸಿದೆ. ಮಗನ ಕುರಿತ ದುಃಖವನ್ನು ಅವರು ಬಾಯಿಬಿಟ್ಟು ಹೇಳಿ ಅತ್ತದ್ದು ಆ ದಿನವೇ.

ನಂತರ ಕೊಟ್ಟ ಸಲಹೆ ಸರಳವಾಗಿತ್ತು. ರಾತ್ರಿ ಮಲಗುವ ಮೊದಲು ಆ ದಿನ ದೇವರ ಕೈಯಿಂದ ತಮಗೆ ದೊರೆತ ಒಂದನ್ನು ಒಂದೇ ವಾಕ್ಯದಲ್ಲಿ ಬರೆಯಬೇಕು. ಅದರಲ್ಲಿ ಇನ್ನೊಬ್ಬರಿಗಿಂತ ಹೆಚ್ಚು, ಕಡಿಮೆ ಎಂಬ ಲೆಕ್ಕ ಇಣುಕಬಾರದು. "ಮಗ ಇವತ್ತು ನಾನು ಹೇಳದೆಯೇ ಗಣಿತದ ಪುಸ್ತಕ ತೆರೆದ" ಎಂಬ ಸಾಲನ್ನು ಅವರು ಮುಂದಿನ ಭೇಟಿಯಲ್ಲಿ ಓದಿ ತೋರಿಸಿದರು. ಸ್ಟೇಟಸ್ ಮ್ಯೂಟ್ ಮಾಡಿಸಿದೆ. ಓರಗಿತ್ತಿಗಾಗಿ ಪ್ರಾರ್ಥಿಸುವ ವಿಷಯವನ್ನು ಮಾತ್ರ ಬೇಕೆಂದೇ ತಡವಾಗಿ ಎತ್ತಿದೆ, ಏಕೆಂದರೆ ಒತ್ತಾಯಕ್ಕೆ ಮಾಡಿದ ಪ್ರಾರ್ಥನೆ ಅಪರಾಧಭಾವವನ್ನೇ ಹೆಚ್ಚಿಸುತ್ತದೆ. ಯೋಹಾನನ ಸುವಾರ್ತೆಯ ಕೊನೆಯಲ್ಲಿ ಪೇತ್ರನು ಇನ್ನೊಬ್ಬ ಶಿಷ್ಯನ ಗತಿಯೇನೆಂದು ಕೇಳಿದಾಗ, ಅದರ ಗೊಡವೆ ಬಿಟ್ಟು ತನ್ನನ್ನು ಹಿಂಬಾಲಿಸೆಂದು ಯೇಸು ಹೇಳಿದ ಭಾಗವು ಆ ಹಂತದಲ್ಲಿ ಅವರಿಗೆ ತುಂಬ ನೆರವಾಯಿತು.

ಈಗ ಅವರು ಪ್ರಭುಭೋಜನಕ್ಕೆ ಹೋಗುತ್ತಿದ್ದಾರೆ. ಹೊಟ್ಟೆಕಿಚ್ಚು ಪೂರ್ತಿ ಹೋಗಿಲ್ಲ, ಬಂದಾಗ ಅದನ್ನು ಗುರುತಿಸಿ ದೇವರಿಗೆ ಹೇಳುತ್ತಾರೆ. ತಮ್ಮನ ಮನೆಯ ಮಾತು ಬಂದರೆ ಪತಿಯೂ ಊಟದ ಮಧ್ಯೆಯೇ ಎದ್ದುಹೋಗುತ್ತಾರೆಂದು ತಿಳಿದ ಮೇಲೆ, ಮುಂದಿನ ಭೇಟಿಗೆ ಇಬ್ಬರೂ ಬರಬೇಕೆಂದು ಹೇಳಿದ್ದೇನೆ.