ಆಮೆಗೆ ಕೆಲಸ ಹೇಳಿದರೆ ಏನನ್ನುತ್ತೆ?

ಪ್ರಶ್ನೆ: ನನ್ನ ಏಳು ವರ್ಷದ ಮಗಳು ಒಂದೇ ಜೋಕನ್ನು ದಿನಕ್ಕೆ ಹತ್ತು ಸಲ ಹೇಳುತ್ತಾಳೆ. ‘ಆಮೆಗೆ ಯಾವ ಕೆಲಸ ಹೇಳಿದರೂ ಏನನ್ನುತ್ತೆ? ಆಮೇಲೆ!’ ಹೇಳಿ ಅವಳೇ ಬಿದ್ದು ಬಿದ್ದು ನಗುತ್ತಾಳೆ. ನನಗಂತೂ ನಗು ಬರುವುದಿಲ್ಲ. ಇದರಲ್ಲಿ ಅಂಥದ್ದೇನಿದೆ ಸರ್?

ಉತ್ತರ: ಜೋಕ್ ಚೆನ್ನಾಗಿದೆಯಲ್ಲ! ನಾನಂತೂ ನಕ್ಕೆ. ‘ಹಸಿರಾಗಿದ್ದರೂ ಕಪ್ಪೇ ಯಾವುದು? ಕಪ್ಪೆ’, ‘ಮನೆಯಲ್ಲಿ ಯಾರೂ ಇಲ್ವಾ ಅಂದರೆ ಇರುವೆ ಏನನ್ನುತ್ತೆ? ನಾನಿರುವೆ’. ಇವೆಲ್ಲ ಸುಮ್ನೆ ಪದದ ಆಟ. ಆಮೆಯದು ಒಂದು ಕೈ ಮೇಲು. ಸದ್ದೂ ಕೂಡುತ್ತದೆ, ಸ್ವಭಾವವೂ ಕೂಡುತ್ತದೆ, ಯಾಕೆಂದರೆ ಆಮೆಗೆ ಮಾತು ಬಂದಿದ್ದರೆ ಅದು ನಿಜಕ್ಕೂ ‘ಆಮೇಲೆ’ ಅಂತಲೇ ಅನ್ನುತ್ತಿತ್ತು ಅನಿಸುತ್ತೆ, ಅಲ್ವಾ? ಒಂದು ಪದದ ಹೊಟ್ಟೆಯಲ್ಲಿ ಇನ್ನೊಂದು ಪದ ಅಡಗಿರುತ್ತದೆ ಅನ್ನೋದು ನಿಮಗೆ ಹಳೆ ಸುದ್ದಿ. ಅವಳಿಗೆ ಈಗಷ್ಟೇ ಕೈಗೆ ಸಿಕ್ಕಿದೆ. ಹೊಸದಾಗಿ ಸೈಕಲ್ ಕಲಿತವರು ಕೆಲಸವಿಲ್ಲದಿದ್ದರೂ ಸುತ್ತು ಹಾಕುತ್ತಿರುತ್ತಾರಲ್ಲ, ಹಾಗೆ.

ಪ್ರಶ್ನೆ: ಇರುವೆಯ ಚಡ್ಡಿ ಕಳೆದುಹೋಗುತ್ತೆ, ಆನೆ ಹಾಕಿಕೊಂಡಿದೆಯಾ ನೋಡೋಕೆ ಅದನ್ನು ಕೆರೆಯಿಂದ ಹೊರಗೆ ಕರೆಯುತ್ತೆ. ಈ ಜೋಕನ್ನು ಗೆಳೆಯರ ಮುಂದೆ ಹೇಳಿದೆ. ಒಬ್ಬರೂ ನಗಲಿಲ್ಲ. ತಪ್ಪು ಎಲ್ಲಾಯಿತು?

ಉತ್ತರ: ಚಡ್ಡಿಯನ್ನು ಮೊದಲೇ ತೋರಿಸಿಬಿಟ್ಟಿರಿ, ಅಲ್ಲೇ ಆಯಿತು! ಹೀಗೆ ಹೇಳಿ ನೋಡಿ. ಆನೆ ಕೆರೆಯಲ್ಲಿ ಆರಾಮಾಗಿ ಮುಳುಗಿ ಕೂತಿದೆ. ದಡದಿಂದ ಇರುವೆ ಜೋರು ಮಾಡುತ್ತೆ, ‘ಏಯ್, ಹೊರಗೆ ಬಾ!’ ಆನೆ ‘ಯಾಕೆ?’ ಅನ್ನುತ್ತೆ. ‘ಬಾ ಅಂದ್ರೆ ಬಾ.’ ಆನೆ ಸೊಂಡಿಲು ಒದರಿ, ಕೆಸರಲ್ಲಿ ಜಾರಿ, ಉಸ್ಸಪ್ಪಾ ಅಂತ ಮೇಲೆ ಬಂದು ನಿಲ್ಲುತ್ತೆ. ಇರುವೆ ಮೇಲಿಂದ ಕೆಳಗೆ ಒಂದು ಸಲ ನೋಡಿ, ‘ಸರಿ, ಹೋಗು’ ಅನ್ನುತ್ತೆ. ‘ಮತ್ತೆ ಕರೆದಿದ್ದು ಯಾಕೆ?’ ‘ಏನಿಲ್ಲ, ನನ್ನ ಚಡ್ಡಿ ಕಾಣ್ತಿಲ್ಲ. ನೀನು ಹಾಕ್ಕೊಂಡಿದ್ದೀಯಾ ಅಂತ ನೋಡಿದೆ.’

ಆನೆ ದಡ ಹತ್ತೋಕೆ ಪಡುವ ಪಾಡನ್ನು ಅವಸರಪಡದೆ ಹೇಳಬೇಕು, ಕೇಳುವವರು ಏನೋ ದೊಡ್ಡದು ಬರುತ್ತೆ ಅಂತ ಕಾಯಬೇಕು. ಆ ಕಾಯುವಿಕೆ ಠುಸ್ ಅಂದಾಗಲೇ ನಗು ಬರುವುದು ಅಂತ ಕಾಂಟ್ ಎಂಬ ಜರ್ಮನ್ ತತ್ತ್ವಜ್ಞಾನಿ 1790ರಲ್ಲೇ ಬರೆದಿದ್ದ. (ಆ ಮನುಷ್ಯನನ್ನು ಓದಿದರೆ ನಗು ಬರುವುದಿಲ್ಲ, ಅದು ಬೇರೆ ಮಾತು.) ಇನ್ನೊಂದು ವಿಷಯ, ಇರುವೆ ತಮಾಷೆ ಮಾಡುತ್ತಿಲ್ಲ. ಅದಕ್ಕೆ ನಿಜವಾಗಲೂ ಅನುಮಾನ. ಆ ಕೊನೆಯ ಮಾತು ಹೇಳುವಾಗ ನೀವು ಕಿಸಕ್ಕನೆ ನಕ್ಕರೆ ಇರುವೆಯ ಗಾಂಭೀರ್ಯ ಹೋಯಿತು, ಜೋಕೂ ಹೋಯಿತು.

ಪ್ರಶ್ನೆ: ಜೋಕಿಗೆ ಅತಿ ಹೆಚ್ಚು ಒಪ್ಪುವ ಪ್ರಾಣಿ ಯಾವುದು?

ಉತ್ತರ: ಬಾತುಕೋಳಿ! ಇದು ನನ್ನ ತೀರ್ಪಲ್ಲ. ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ರಿಚರ್ಡ್ ವೈಸ್‌ಮನ್ 2001ರಲ್ಲಿ ಇಂಟರ್ನೆಟ್ಟಿನಲ್ಲಿ ಜೋಕುಗಳನ್ನು ಕೂಡಿಹಾಕಿ ಜನರಿಂದ ಅಂಕ ಹಾಕಿಸಿದರು. ಒಂದೇ ಜೋಕಿನಲ್ಲಿ ಪ್ರಾಣಿಯನ್ನೂ ಅದರ ಕೂಗನ್ನೂ ಬದಲಿಸುತ್ತಾ ಹೋದರು. ಕೊಳದಲ್ಲಿ ಎರಡು ಬಾತುಕೋಳಿ. ಒಂದು ‘ಕ್ವಾಕ್’ ಅಂತು. ಇನ್ನೊಂದು, ‘ಛೆ, ನಾನೂ ಅದನ್ನೇ ಹೇಳೋಣ ಅಂತಿದ್ದೆ!’ ಇದೇ ಗೆದ್ದಿದ್ದು. ಇಂಗ್ಲಿಷಿನ ಹಾಸ್ಯದವರು ‘ಕ’ ಸದ್ದಿಗೇ ನಗು ಜಾಸ್ತಿ ಅನ್ನುತ್ತಾರೆ, ಬಾತುಕೋಳಿಯ ಇಂಗ್ಲಿಷ್ ಹೆಸರು ‘ಡಕ್’, ಕೂಗು ‘ಕ್ವಾಕ್’, ಎರಡರಲ್ಲೂ ಅದಿದೆ. ಹಾಗಾದರೆ ಕತ್ತೆ, ಕೋತಿ, ಕೋಣ, ಕಪ್ಪೆ, ಕೋಳಿ ಎಲ್ಲವೂ ಇರುವ ನಾವು ಅದೃಷ್ಟವಂತರು. ಆದರೆ ನನ್ನನ್ನು ಕೇಳಿದರೆ ಕತ್ತೆ, ಕೋತಿ, ಕೋಣಕ್ಕೆ ನಗು ಬರುವುದು ಸದ್ದಿನಿಂದಲ್ಲ, ಅವು ನಾವೆಲ್ಲ ಚಿಕ್ಕಂದಿನಲ್ಲಿ ಬೈಸಿಕೊಂಡ ಹೆಸರುಗಳು.

ಪ್ರಶ್ನೆ: ಪ್ರಾಣಿಗಳೂ ನಗುತ್ತವಾ?

ಉತ್ತರ: ಜೋಕಿಗಂತೂ ಇಲ್ಲ. ಕಚಗುಳಿ ಇಟ್ಟರೆ ಇಲಿ 50 ಕಿಲೋಹರ್ಟ್ಸ್ (ಅಂದರೆ ಸೆಕೆಂಡಿಗೆ 50 ಸಾವಿರ ಕಂಪನ) ಆಸುಪಾಸಿನ ಕೀಚಲು ದನಿಯಲ್ಲಿ ಚಿಲಿಪಿಲಿ ಅನ್ನುತ್ತದೆ, ಇಡುವುದು ನಿಲ್ಲಿಸಿದರೆ ಆ ಕೈಯನ್ನೇ ಹುಡುಕಿಕೊಂಡು ಬರುತ್ತದೆ. ನಮ್ಮ ಕಿವಿ 20 ಕಿಲೋಹರ್ಟ್ಸ್‌ಗೇ ಸುಸ್ತು. ಹಾಗಾಗಿ ಅದು ನಕ್ಕರೂ ನಮಗೆ ಕೇಳಿಸುವುದಿಲ್ಲ.