ಎದೆಯುರಿ ಇಲ್ಲದೆಯೂ ಹೊಟ್ಟೆಯ ಆಮ್ಲದಿಂದ ಕೆಮ್ಮು ಬರುತ್ತದೆಯೇ?

ಎದೆಯುರಿಯೇ ಇಲ್ಲದಿರುವಾಗ, ತಿಂಗಳುಗಟ್ಟಲೆ ಬಿಡದ ಒಣಕೆಮ್ಮಿಗೆ ಹೊಟ್ಟೆಯ ಆಮ್ಲ ಕಾರಣವಾಗಲು ಸಾಧ್ಯವೇ ಎಂಬುದು ನಿಮ್ಮ ಪ್ರಶ್ನೆ. ಖಂಡಿತ ಸಾಧ್ಯವಿದೆ.

ಅನ್ನನಾಳದ ಕೆಳತುದಿಯಲ್ಲಿ ಕವಾಟದಂತೆ ಕೆಲಸ ಮಾಡುವ ಸ್ನಾಯು ಸಡಿಲಗೊಂಡಾಗ ಜಠರದ ರಸವು ಮೇಲಕ್ಕೆ ನುಗ್ಗುತ್ತದೆ. ಅದು ಗಂಟಲನ್ನು ತಲುಪಿದರೆ, ಅನ್ನನಾಳಕ್ಕಿರುವಷ್ಟು ರಕ್ಷಣೆಯಿಲ್ಲದ ಧ್ವನಿಪೆಟ್ಟಿಗೆಯ ನವಿರಾದ ಒಳಪದರವು ಅಲ್ಪ ಪ್ರಮಾಣದ ಆಮ್ಲಕ್ಕೂ, ಅದರೊಡನೆ ಬರುವ ಪೆಪ್ಸಿನ್ ಎಂಬ ಕಿಣ್ವಕ್ಕೂ ಕೆರಳುತ್ತದೆ. ರಸವು ಗಂಟಲಿನವರೆಗೆ ಬರಲೇಬೇಕೆಂದೂ ಇಲ್ಲ: ಅನ್ನನಾಳ, ಶ್ವಾಸನಾಳಗಳೆರಡಕ್ಕೂ ಮಿದುಳಿನಿಂದ ಇಳಿದುಬರುವ ವೇಗಸ್ ಎಂಬ ಒಂದೇ ನರದ ಕವಲುಗಳಿರುವುದರಿಂದ ಕೆಳಗಿನ ಕೆರಳಿಕೆಯೇ ಕೆಮ್ಮನ್ನು ಎಬ್ಬಿಸಬಲ್ಲದು. ಬೆಳಿಗ್ಗೆ ಎದ್ದಾಗ ದನಿ ಒಡೆದಂತಿರುವುದು, ಮತ್ತೆ ಮತ್ತೆ ಗಂಟಲು ಸರಿಪಡಿಸಿಕೊಳ್ಳುವುದು, ಎಷ್ಟು ನುಂಗಿದರೂ ಇಳಿಯದ ಉಂಡೆಯೊಂದು ಸಿಕ್ಕಿಕೊಂಡಂತೆನಿಸುವುದು, ಊಟವಾದ ಮೇಲೆ ಅಥವಾ ಮಲಗಿದೊಡನೆ ಕೆಮ್ಮು ಹೆಚ್ಚುವುದು ಇದರ ಸುಳಿವುಗಳು.

ಆದರೆ ಇವಿಷ್ಟರಿಂದಲೇ ತೀರ್ಮಾನಕ್ಕೆ ಬರಬೇಡಿರೆಂದು ಒತ್ತಿ ಹೇಳುತ್ತೇನೆ. 8 ವಾರ ಮೀರಿದ ಕೆಮ್ಮಿಗೆ ಅಸ್ತಮಾ, ಮೂಗಿನಿಂದ ಗಂಟಲಿಗಿಳಿಯುವ ಸಿಂಬಳ, ಕ್ಷಯ, ಎನಲಾಪ್ರಿಲ್‌ನಂತಹ ರಕ್ತದೊತ್ತಡದ ಮಾತ್ರೆ (ಇದನ್ನು ಅನೇಕರು ವೈದ್ಯರಿಗೆ ಹೇಳಲು ಮರೆಯುತ್ತಾರೆ) ಕೂಡ ಕಾರಣವಾಗಬಹುದು. ಎದೆಯುರಿ ಇಲ್ಲದವರಲ್ಲಿ ಆಮ್ಲ ತಗ್ಗಿಸುವ ಮಾತ್ರೆಯಿಂದ ಕೆಮ್ಮು ನಿಂತೇ ತೀರುತ್ತದೆಂಬ ಭರವಸೆಯಿಲ್ಲವಾದ್ದರಿಂದ, ಅದನ್ನು ತಾವಾಗಿಯೇ ತಿಂಗಳುಗಟ್ಟಲೆ ನುಂಗುವುದು ತರವಲ್ಲ.

ರಾತ್ರಿಯೂಟಕ್ಕೂ ನಿದ್ರೆಗೂ ನಡುವೆ 3 ಗಂಟೆ ಬಿಡಿ. ದಿಂಬುಗಳನ್ನು ಪೇರಿಸಿದರೆ ನಡು ಬಾಗಿ ಹೊಟ್ಟೆಯ ಮೇಲೆ ಒತ್ತಡ ಹೆಚ್ಚುವುದರಿಂದ, ಮಂಚದ ತಲೆಯ ಕಡೆಯ ಕಾಲುಗಳನ್ನೇ 15ರಿಂದ 20 ಸೆಂಟಿಮೀಟರ್ ಎತ್ತರಿಸಿ. ಧೂಮಪಾನ ಬಿಡುವುದೂ, ಹೆಚ್ಚಿನ ತೂಕ ಇಳಿಸುವುದೂ ನೆರವಾಗುತ್ತವೆ. ಕಫದಲ್ಲಿ ರಕ್ತ, ನುಂಗಲು ಕಷ್ಟ, ಕಾರಣವಿಲ್ಲದ ತೂಕನಷ್ಟ ಅಥವಾ 3 ವಾರ ಮೀರಿದ ದನಿಯ ಒಡಕು ಕಂಡರೆ ತಡಮಾಡದೆ ವೈದ್ಯರನ್ನು ಕಾಣಿರಿ.